ದೇವರ ಬಲಗಡೆಯ ಹೂವು

ಬಾಂದ್ರಾದ ಆ ತಣ್ಣನೆಯ ಹಾಲ್‌ನಲ್ಲಿ ಎಷ್ಟು ಹುಡುಕಿದರೂ ಭುವನೇಶ್ವರಿಗೆ ತನ್ನ ಚಿತ್ರ ಸಿಗಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಬರೆದ ಮೊದಲ ಚಿತ್ರ. ಪ್ರದರ್ಶನದಲ್ಲಿ ಇಡುತ್ತೇನೆಂದು ಅವಳಿಗೆ ಚಿತ್ರಕಲೆ ಕಲಿಸುವ ನವೀನ ಒಯ್ದು ಮೂರು ತಿಂಗಳಾಗಿತ್ತು. ಧಾರವಾಡದ ಕಡೆಯವರ ಮಗ, ಹುಟ್ಟಿ ಬೆಳೆದದ್ದು ಮುಂಬಯಿ. ನಮ್ಮವನೇ ಎಂದು ಚೆಂಬೂರಿನ ಮನೆಯಲ್ಲಿ ಅವನಿಗೆ ಎಷ್ಟು ರೊಟ್ಟಿ ಬಡಿದು ಹಾಕಿದ್ದಳೋ.

ಕಡೆಯ ಗೋಡೆಯ ಮುಂದೆ ಜನ ಸೇರಿದ್ದರು. ನುಗ್ಗಿ ನೋಡಿದರೆ ಬರೀ ಹಳದಿ, ಬಿಳಿ ಬಣ್ಣದ ಮೆತ್ತು. ಇಂಥ ಚಿತ್ರವನ್ನು ಮೂಗು ತಾಗಿಸಿ ನೋಡಬಾರದೆಂದು ಅವಳಿಗೂ ಈಗ ಗೊತ್ತು. ಹತ್ತು ಹೆಜ್ಜೆ ಹಿಂದೆ ಸರಿದಳು. ಮೆತ್ತುಗಳೆಲ್ಲ ಕೂಡಿ ಸೇವಂತಿಗೆಯಾದವು. ಎಸಳುಗಳ ಮೇಲೆ ಬೆಳಗಿನ ಬಿಸಿಲು ಬಂದು ಕೂತಿತು. ಎಷ್ಟು ಚೆಂದ ಎಂದು ಒಂದು ಗಳಿಗೆ ಮನಸಾರೆ ಹಿಗ್ಗಿದಳು. ಆಮೇಲೆ ಹೂರಾಶಿಯ ಹಿಂದೆ ಮಸುಕಾದ ಹಿತ್ತಾಳೆ ಮುಖ ಕಂಡಿತು. ಅವಳ ಮನೆಯ ದೇವರ ಜಗಲಿಯ ವೀರಭದ್ರ! ಅವಳ ಚಿತ್ರವನ್ನೇ ದೊಡ್ಡದು ಮಾಡಿ ಬರೆದದ್ದು. ಕೆಳಗೆ ನವೀನನ ಸಹಿ.

ಉಂಡ ಮನೆಯ ಜಂತೆ ಎಣಿಸಿದ್ದ.

ನವೀನ ರಾಶಿಯಿಂದ ಬೇರೆ ಬಿದ್ದ ಒಂದು ಹೂವನ್ನು ತೋರಿಸಿ ಜನರಿಗೆ ಹಿಂದಿಯಲ್ಲಿ ಹೇಳುತ್ತಿದ್ದ: ನಮ್ಮಲ್ಲಿ ದೇವರಿಗೆ ಹೂವು ಏರಿಸಿ ಪ್ರಶ್ನೆ ಕೇಳುತ್ತಾರೆ, ಬಲಕ್ಕೆ ಬಿದ್ದರೆ ಒಪ್ಪಿಗೆ, ಇದು ನನ್ನ ಅಜ್ಜಿ ಹೇಳಿದ್ದು.

ಯಾವ ಅಜ್ಜಿ? ಹೇಳಿದ್ದು ಭುವನೇಶ್ವರಿ. ಈ ವಯಸ್ಸಿನಲ್ಲಿ ಕುಂಚ ಹಿಡಿಯಲೇ ಎಂದು ಕೇಳಿದಾಗ ವೀರಭದ್ರ ಕೊಟ್ಟ ಹೂವು ಅದು. ಅವಳು ಅದನ್ನು ಚಿತ್ರದ ಎಡಗಡೆ ಬರೆದಿದ್ದಳು, ಎದುರಿಗೆ ಕೂತ ದೇವರ ಬಲ ನಮಗೆ ಎಡವಲ್ಲವೇ. ಆಂಟಿ ತಪ್ಪಿದ್ದಾಳೆಂದು ನವೀನ ತಾನೇ ಜಾಣನಾಗಿ ಅದನ್ನು ಚಿತ್ರದ ಬಲಕ್ಕೆ ಇಟ್ಟಿದ್ದ.

ಅವಳನ್ನು ಕಂಡು ಅವನ ಮುಖ ಕಪ್ಪಿಟ್ಟಿತು. "ಆಂಟಿ, ನಿಮ್ದು ಪೇಂಟಿಂಗ್ ನಮ್ಮ ಘರ್ ಪೆ ಇದೆ. ಇಲ್ಲಿ ಜಗಾ ಕಮ್ಮಿ ಆಯ್ತು."

ಇಷ್ಟು ದಿನ ಸರ್ ಎನ್ನುತ್ತಿದ್ದವಳು ಈಗ ಎನ್ನಲಿಲ್ಲ. "ನಾಳೆ ತಂದು ಕೊಡು. ಮತ್ತ ಕೇಳ ಇಲ್ಲೆ, ದೇವರ ಮುಖ ನಮ್ಮ ಕಡೆ ಐತಿ. ನೀ ಹೂವು ಅವನ ಎಡಕ ಬೀಳಿಸೀದಿ. ಅಂದ್ರ ಅಂವ ನಿನಗ ಒಲ್ಲೆ ಅಂದಾನ."

ಏನಂದರು ಎಂದು ಒಬ್ಬ ಹೆಂಗಸು ನವೀನನನ್ನು ಕೇಳಿದಳು. ಭುವನೇಶ್ವರಿಯೇ ತನ್ನ ಹರಕು ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ, ಮೊದಲಿಂದ ಬಿಡಿಸಿ ಹೇಳಿದಳು.