ಬೆಳಕಿಗೆ ಬೆನ್ನು

"ಇನ್ನೂ ಸ್ವಲ್ಪ ಬೆಳಕು ಹಾಕು," ಅಂದಳು ಅವಳು.

ಊರಿನವರು 'ಫಟಾಫಟ್' ಎಂದು ಕರೆಯುವ ಫೋಟೋ ಅಂಗಡಿಯವನು ಹಾಕಿದ. ಕಂಪ್ಯೂಟರಿನ ಪರದೆಯ ಮೇಲಿದ್ದ ಕಪ್ಪು ಮುಖ ಬೂದಿಬಣ್ಣಕ್ಕೆ ತಿರುಗಿತು. ಇನ್ನಷ್ಟು ಹಾಕಿದ. ಬೂದಿ ಚೌಕ ಚೌಕವಾಗಿ ಒಡೆಯಿತು. ಮೂಗೂ ಇಲ್ಲ, ಬಾಯೂ ಇಲ್ಲ. ಹಳೇ ಗೋಡೆಯ ಗಾರೆ ಉದುರಿದಂತೆ ಬರೀ ಕಲೆಗಳು.

"ಇದರಲ್ಲಿ ಏನೂ ಇಲ್ಲ ಅಕ್ಕ. ಫೋನಿಗೆ ಅಂತ ಹಾಕಿಕೊಟ್ಟಿರೋ ಸಣ್ಣ ಜೆಪೆಗ್ ಇದು. ಕಪ್ಪು ಅಂದ್ರೆ ಕಪ್ಪೇ. ಒಳಗೆ ಮುಖಾನೇ ಉಳಿಸಿಲ್ಲ."

"ಮುಖ ಇದೆ. ನಗ್ತಾ ಇದಾರೆ. ತೆಗೆದವಳು ನಾನು, ನನಗೆ ಗೊತ್ತಿಲ್ವಾ?"

ಗೋಡೆಯ ಆಚೆ ಮುಂದಿನ ಕೋಣೆಯಲ್ಲಿ ಅವಳ ಗಂಡನ ಹೆಣ ಮಲಗಿತ್ತು. ನಿನ್ನೆ ಸ್ಟುಡಿಯೋದಲ್ಲಿ ದೀಪ ಸರಿಮಾಡಿ ಏಣಿಯಿಂದ ಇಳಿದವನು ಕಾಲುಮಣೆಯ ಮೇಲೆ ಕೂತ, ಮತ್ತೆ ಏಳಲಿಲ್ಲ. ಊರಿನವರು ಅವನನ್ನು ಬೆನ್ನ ಹಿಂದೆ 'ಗದ್ದ' ಅನ್ನುತ್ತಿದ್ದರು. ಕ್ಯಾಮೆರಾದ ಮುಂದೆ ಯಾರೇ ಕೂರಲಿ, ಅವನ ಬಾಯಿಂದ ಬರುತ್ತಿದ್ದ ಮೊದಲ ಮಾತು "ಗದ್ದ ಎತ್ತಿ". ಎರಡನೆಯದು "ಅಷ್ಟಲ್ಲ". ಮೂರನೆಯದನ್ನು ಬರೆಯುವಂತಿಲ್ಲ.

ನಾದಿನಿ ಬಾಗಿಲಲ್ಲಿ ಇಣುಕಿದಳು. "ಅತ್ತಿಗೆ, ಬಂದವರೆಲ್ಲ ಫೋಟೋ ಎಲ್ಲಿ ಅಂತ ಕೇಳ್ತಿದಾರೆ. ಊರಿಗೆಲ್ಲ ಫೋಟೋ ತೆಗೆದವನಿಗೆ ತನ್ನದೊಂದು ಫೋಟೋ ಇಲ್ಲ ಅಂದ್ರೆ ನಗೆಪಾಟಲು. ಲೈಸೆನ್ಸಿನಲ್ಲಿರೋದನ್ನೇ ದೊಡ್ಡದು ಮಾಡಿಸಿ."

"ಅದರಲ್ಲಿ ಪೊಲೀಸರು ಹಿಡ್ಕೊಂಡು ಬಂದವನ ಥರ ಕಾಣ್ತಾರೆ ಕಣೆ."

"ಅವನು ಇದ್ದದ್ದೇ ಆ ಥರ."

"ನಗೋ ಫೋಟೋ ಒಂದಿದೆ. ಅದನ್ನೇ ಇಡೋದು."

"ಯಾರು, ನಮ್ಮಣ್ಣ ನಗೋದು?" ನಾದಿನಿ ಸೆರಗಿನಿಂದ ಮೂಗೊರೆಸಿಕೊಂಡಳು. "ಒಂದೇ ತಟ್ಟೇಲಿ ಉಂಡು ಬೆಳೆದವಳು ನಾನು. ಅವನ ಹಲ್ಲು ನೋಡಿದ್ದು, ಹಲ್ಲು ಕೀಳಿಸ್ಕೊಂಡು ಬಂದ ದಿನ ಮಾತ್ರ."

ಅವಳಿಗೆ ಮೈ ಉರಿಯಿತು. ಇಷ್ಟು ವರ್ಷ ಇದೇ ಮಾತು. ಹೇಗೆ ಬಾಳ್ತೀಯಮ್ಮ ಇವನ ಜೊತೆ, ಏನು ಕಂಡು ಬಾಳ್ತೀಯ. ಕಂಡಿದ್ದೇನು ಅನ್ನುವುದನ್ನು ಇವತ್ತು ಒಂದು ದಿನ, ಅವನನ್ನು ಎತ್ತಿಕೊಂಡು ಹೋಗುವ ಮೊದಲು, ಅಷ್ಟೂ ಜನಕ್ಕೆ ತೋರಿಸಬೇಕಿತ್ತು. ಅವಳಿಗೆ ಬೇಕಾಗಿದ್ದು ಅಷ್ಟೇ.

"ಇದರದ್ದೇ ಇನ್ನೊಂದಿದೆ, ದೊಡ್ಡದು," ಅಂದಳು ಫಟಾಫಟ್‌ಗೆ. "ಆಮೇಲೆ ಮಾಡಿಕೊಡ್ತೀನಿ ಅಂತ ಇಟ್ಟಿದ್ರು."

ಅವನು ನೆಟ್ಟಗೆ ಕೂತ. "ರಾ ಫೈಲ್ ಇದೆಯಾ? ಕ್ಯಾಮೆರಾ ಕಂಡದ್ದೆಲ್ಲ ಅದರಲ್ಲಿ ಉಳಿದಿರುತ್ತೆ. ಮೊದಲೇ ಹೇಳೋದಲ್ವಾ ಅಕ್ಕ."

•

ಆ ಫೋಟೋ ತೆಗೆದ ದಿನ ಪಕ್ಕದೂರಿನ ಮದುವೆ ಮುಗಿಸಿ ಗಂಡ ಹೆಂಡತಿ ಇಬ್ಬರೂ ಹೊಳೆಯ ಸೇತುವೆಯ ಮೇಲೆ ಬಸ್ಸಿಗೆ ಕಾಯುತ್ತಿದ್ದರು. ದೀಪ ಹಿಡಿಯುವವನು ಕೈಕೊಟ್ಟಿದ್ದರಿಂದ ಅವಳೇ ಹೋಗಿದ್ದಳು. ಬೆಳಗಿನಿಂದ "ಎಡಕ್ಕೆ, ಇನ್ನೂ ಎಡಕ್ಕೆ, ನಿನ್ನ ಎಡಗೈ ಯಾವುದು ಅಂತಾದ್ರೂ ಗೊತ್ತಾ" ಎಂದು ನೂರು ಜನರೆದುರು ಅನ್ನಿಸಿಕೊಂಡಿದ್ದಳು. ಆದರೂ ಸಂಜೆಯ ಗಾಳಿ ಹಿತವಾಗಿತ್ತು, ನೀರಿನ ಮೇಲೆ ಬಿಸಿಲು ಇಳಿಯುತ್ತಿತ್ತು, ಅವಳಿಗೆ ಎಲ್ಲಿಂದಲೋ ಧೈರ್ಯ ಬಂತು.

"ಎಲ್ಲರದ್ದೂ ತೆಗೀತೀರಿ. ನಿಮ್ಮದು ನಾನೊಂದು ತೆಗೀಲಾ?"

ಏನನ್ನಿಸಿತೋ ಏನೋ, ಕ್ಯಾಮೆರಾದ ಪಟ್ಟಿಯನ್ನು ತನ್ನ ಕೊರಳಿಂದ ತೆಗೆದು ಅವಳ ಕೊರಳಿಗೆ ಹಾಕಿದ. ಬೇರೆ ಯಾರಿಗೂ ಮುಟ್ಟಲು ಬಿಡದ ಕ್ಯಾಮೆರಾ. ಹೋಗಿ ಕಂಬಿಗೆ ಒರಗಿ ನಿಂತ. ಅವಳು ಕಣ್ಣಿಟ್ಟು ನೋಡಿದಳು. ಹಿಂದೆ ಬಂಗಾರದ ನೀರು, ಮುಂದೆ ಕಪ್ಪನೆಯ ಒಂದು ಆಕಾರ. ಅಷ್ಟರಲ್ಲಿ ಆ ಆಕಾರದಿಂದ "ಹ್ಹ" ಎಂದು ಸದ್ದು ಬಂತು, ಭುಜ ಒಂದು ಸಲ ಕುಲುಕಿತು. ನಕ್ಕ. ತನ್ನನ್ನು ನೋಡಿ ನಕ್ಕ. ಅವಳು ಒತ್ತಿದಳು.

ಅವನು ಕ್ಯಾಮೆರಾ ಕಿತ್ತುಕೊಂಡು ನೋಡಿದ. "ಹಾಳು. ಬೆಳಕಿಗೆ ಬೆನ್ನು ಹಾಕಿಸಿ ಯಾರಾದ್ರೂ ತೆಗೀತಾರಾ?" ಬಸ್ಸು ಹತ್ತಿ ಕೂತ ಮೇಲೆ, ಕಿಟಕಿಯ ಕಡೆ ನೋಡುತ್ತಾ, "ರಾ ಇದೆ, ಮುಖ ಮೇಲೆತ್ತಬಹುದು. ಆಮೇಲೆ ಮಾಡಿಕೊಡ್ತೀನಿ" ಅಂದ.

ಆ ಆಮೇಲೆ ಬರಲಿಲ್ಲ. ಕೇಳಿದಾಗಲೆಲ್ಲ "ಅದಕ್ಕೆ ಕೂರಬೇಕು ಕಣೆ, ಪುರುಸೊತ್ತಿನ ಕೆಲಸ" ಅನ್ನುತ್ತಿದ್ದ. ಕಾಟ ತಡೆಯಲಾರದೆ ಸಣ್ಣ ಪ್ರತಿಯೊಂದನ್ನು ಅವಳ ಫೋನಿಗೆ ಹಾಕಿಕೊಟ್ಟ. ಫೋನು ಬದಲಾದವು, ಫೋಟೋ ಜೊತೆಗೇ ಬಂತು. ಅವನು ತಟ್ಟೆ ತಳ್ಳಿ ಎದ್ದ ದಿನ, ವಾರಗಟ್ಟಲೆ ಮಾತು ಬಿಟ್ಟ ದಿನ, ಅವಳು ಅಡುಗೆಮನೆಯ ಮೂಲೆಯಲ್ಲಿ ನಿಂತು ಅದನ್ನು ತೆಗೆದು ನೋಡುತ್ತಿದ್ದಳು. ಮುಖ ಕಪ್ಪಾದರೇನು, ಒಳಗೆ ನಗುತ್ತಿದ್ದಾರೆ. ಗಂಡಸು ಒಂದು ಸಲ ನಕ್ಕಿದ್ದನ್ನೇ ಹೊದ್ದುಕೊಂಡು ಒಬ್ಬ ಹೆಂಗಸು ಇಡೀ ಸಂಸಾರ ಕಳೆಯುವುದೆಂದರೆ ಹುಚ್ಚು. ಆದರೆ ಅವಳು ಕಳೆದಳು.

•

ಡಿಸ್ಕುಗಳು ಬೀರುವಿನ ಕೆಳಗಿನ ಅರೆಯಲ್ಲಿದ್ದವು. ಬೇಕಾದ್ದು ಯಾವುದೆಂದು ಅವಳಿಗೆ ಗೊತ್ತಿತ್ತು. ಹಳೇ ದಿಂಬಿನ ಚೀಲದಲ್ಲಿ ಸುತ್ತಿ ಇಟ್ಟವಳೇ ಅವಳು. ಫಟಾಫಟ್ ಅದನ್ನು ಸಿಕ್ಕಿಸಿ ಕಾದು ಕೂತ. ಅದು ಗುಂಯ್‌ಗುಟ್ಟುತ್ತಾ ನಿಧಾನವಾಗಿ ಎಚ್ಚರಾಗುತ್ತಿತ್ತು.

"ಅವತ್ತು ಅಷ್ಟು ಜನರ ಮುಂದೆ ಹೊಡೆಸಿಕೊಂಡು ಹೋದವನು," ಅಂದಳು ಅವಳು. "ಇವತ್ತು ಯಾಕೆ ಬಂದೆ?"

"ಕಲಿಸಿದ್ದು ಅವರೇ ಅಲ್ವಾ ಅಕ್ಕ. ಬೈಗುಳನೂ ಸೇರಿಸಿ."

•

ಅವನು ಹೊಡೆಸಿಕೊಂಡಿದ್ದು ಒಂದು ಮದುವೆಮನೆಯಲ್ಲಿ. ಆಗ ಅವನು ಗದ್ದನ ಶಿಷ್ಯ. ಗಂಡಿನ ಕಡೆಯವರು ಊಟ ಮುಗಿಯುವಷ್ಟರಲ್ಲಿ ಫೋಟೋ ಫೋನಿಗೆ ಬರಬೇಕು ಅಂದರು. ಗದ್ದ ಎಲ್ಲವನ್ನೂ ರಾದಲ್ಲಿ ತೆಗೆಯುವವನು. ಒಂದೊಂದನ್ನೂ ಕೂತು ತಿದ್ದಬೇಕು, ಬಣ್ಣ ಕೂಡಿಸಬೇಕು, ಆಲ್ಬಮ್ ಕೈಗೆ ಬರುವಷ್ಟರಲ್ಲಿ ಮದುಮಗಳು ಬಸುರಿ. ಶಿಷ್ಯ ಸದ್ದಿಲ್ಲದೆ ತನ್ನ ಕ್ಯಾಮೆರಾವನ್ನು ಜೆಪೆಗ್‌ಗೆ ತಿರುಗಿಸಿ, ಹಣ್ಣು ಹಂಚುವಷ್ಟರಲ್ಲಿ ಎಲ್ಲರಿಗೂ ಕಳಿಸಿಬಿಟ್ಟ. ಜನ ಕುಣಿದಾಡಿದರು. ಗದ್ದ ಕಪಾಳಕ್ಕೆ ಬಿಗಿದ.

"ಲೆನ್ಸಿಗೆ ಬಿದ್ದದ್ದರಲ್ಲಿ ಇಷ್ಟು ಸಾಕು ಅಂತ ಇಟ್ಕೊಂಡು ಉಳಿದದ್ದನ್ನ ಎಸೆಯುತ್ತಲ್ಲೋ ಆ ಜೆಪೆಗ್! ಎಸೆಯೋಕೆ ಅದ್ಯಾರು? ನೀನ್ಯಾರು? ಇದ್ದದ್ದು ಇದ್ದ ಹಾಗೇ ಇರಬೇಕು. ಒಂದು ಚೂರೂ ಎಸೀಬಾರದು."

"ಎಸೆದದ್ದನ್ನ ಯಾರು ಕೇಳ್ತಾರೆ ಯಜಮಾನ್ರೇ?" ಅಂದ ಹುಡುಗ, ಕೆನ್ನೆ ಹಿಡಿದುಕೊಂಡು.

ಮಾರನೇ ತಿಂಗಳು ಎದುರು ಬೀದಿಯಲ್ಲಿ ಅವನ ಅಂಗಡಿ ಎದ್ದಿತು. ಊರು ಅವನಿಗೆ ಫಟಾಫಟ್ ಎಂದು ಹೆಸರಿಟ್ಟಿತು, ಗದ್ದನ ಗಿರಾಕಿಗಳನ್ನೆಲ್ಲ ಕೊಟ್ಟಿತು. ಗದ್ದ ಖಾಲಿ ಸ್ಟುಡಿಯೋದಲ್ಲಿ ಕೂತು ಹಳೇ ರಾಗಳನ್ನು ತಿದ್ದುತ್ತಾ, ಮನೆಗೆ ಬಂದು ಹೆಂಡತಿಯ ಸಾರನ್ನು ತಿದ್ದುತ್ತಾ ಉಳಿದ ಕಾಲ ಕಳೆದ.

•

"ಬಂತು," ಅಂದ ಫಟಾಫಟ್.

ಸೇತುವೆ, ಕಂಬಿ, ನೀರು. ಆಕಾರ ಮಾತ್ರ ಅವಳ ಫೋನಿನಲ್ಲಿದ್ದದ್ದಕ್ಕಿಂತ ಕಪ್ಪು.

"ಇದೇನು, ಇನ್ನೂ ಕತ್ತಲೆ?"

ಅವನು ಮುಂದಕ್ಕೆ ಬಾಗಿದ. ಪರದೆಯ ಪಕ್ಕದಲ್ಲಿ ಏನನ್ನೋ ಓದುತ್ತಿದ್ದ. "ಅಕ್ಕ, ಯಜಮಾನ್ರು ಇದನ್ನ ತೆಗೆದು ಕೂತಿದ್ರು. ಏನೇನು ಮಾಡಿದ್ರು ಅಂತ ಇಲ್ಲಿ ಉಳಿದಿರುತ್ತೆ. ಮುಖಾನ ಪೂರ್ತಿ ಮೇಲೆತ್ತಿದಾರೆ. ಆಮೇಲೆ ಕೆಳಗಿಳಿಸಿದಾರೆ. ಮೊದಲಿದ್ದದ್ದಕ್ಕಿಂತಲೂ ಕೆಳಗೆ."

"ಯಾವಾಗ?"

"ತೆಗೆದ ವಾರದಲ್ಲೇ."

ಅಂದರೆ ಆಮೇಲೆ ಅನ್ನುವುದು ಆ ವಾರವೇ ಆಗಿಹೋಗಿತ್ತು. ಪುರುಸೊತ್ತೂ ಸಿಕ್ಕಿತ್ತು, ಕೂತೂ ಆಗಿತ್ತು.

"ಎತ್ತು."

"ಲೈಸೆನ್ಸಿಂದೇ ಚೆನ್ನಾಗಿ ಮಾಡಿಕೊಡ್ತೀನಿ ಅಕ್ಕ..."

"ಎತ್ತು ಅಂದೆ."

ಅವನು ಎತ್ತಿದ. ಕತ್ತಲೆ ಒಡೆಯಲಿಲ್ಲ, ಚೌಕವಾಗಲಿಲ್ಲ. ಸುಮ್ಮನೆ ಹಿಂದೆ ಸರಿಯಿತು. ಮೊದಲು ಹಣೆ ಬಂತು, ಹುಬ್ಬಿನ ಒಂದೊಂದು ಕೂದಲೂ ಬಂತು, ಗದ್ದದಲ್ಲಿ ಅವತ್ತು ಬ್ಲೇಡು ತಾಗಿದ್ದ ಗೀರೂ ಬಂತು. ಕೊನೆಗೆ ಬಾಯಿ.

ಅವನು ನಗುತ್ತಿರಲಿಲ್ಲ. ಮೇಲ್ದುಟಿ ಒಂದು ಕಡೆ ಸೊಟ್ಟಗಾಗಿತ್ತು. ಮೂಗು ಸುಕ್ಕಾಗಿತ್ತು. ಅರ್ಧ ಮುಚ್ಚಿದ ಕಣ್ಣು, ಕ್ಯಾಮೆರಾವನ್ನು ಹೇಗೆ ಹಿಡಿಯಬೇಕೆಂದು ತಿಳಿಯದ ಅವಳ ಎರಡು ಕೈಗಳನ್ನು ನೋಡುತ್ತಿತ್ತು. ಸಿಟ್ಟಾಗಿದ್ದರೂ ಆಗುತ್ತಿತ್ತು, ಸಿಟ್ಟಿಗೆ ಅವಳು ಒಗ್ಗಿಹೋಗಿದ್ದಳು. ಇದು ಹೊಸಲಲ್ಲಿ ಬಿದ್ದ ಏನನ್ನೋ ಕಾಲಲ್ಲಿ ಸರಿಸುವವನ ಮುಖ. "ಹ್ಹ" ಅಂದದ್ದು ಆ ಮೂಗಿನಿಂದ. ಭುಜ ಕುಲುಕಿದ್ದು ಅದಕ್ಕೇ.

ಅವಳಿಗೆ ಅದು ಹೊಸ ಮುಖವೇನೂ ಅಲ್ಲ. ದಿನಾ ಕಂಡದ್ದೇ. ಆದರೆ ಆ ಒಂದು ಸಂಜೆಯದ್ದಲ್ಲ ಅಂದುಕೊಂಡಿದ್ದಳು.

ಚುಚ್ಚಲೆಂದೇ ಮತ್ತೆ ಬಂದಿದ್ದ ನಾದಿನಿ ಬೆನ್ನ ಹಿಂದೆ ನಿಂತು ನೋಡಿದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಆಮೇಲೆ ಮೆಲ್ಲಗೆ, "ಬಿಸಿಲಿಗೆ ಹಾಗೆ ಮುಖ ಮಾಡಿರಬೇಕು ಅತ್ತಿಗೆ" ಅಂದಳು.

"ಬಿಸಿಲು ಅವರ ಬೆನ್ನಿಗಿತ್ತು."

ಡಿಸ್ಕು ಗುಂಯ್ ಅನ್ನುತ್ತಿತ್ತು.

"ತುಟಿ ಸ್ವಲ್ಪ ಎತ್ತಿಬಿಡ್ತೀನಿ ಅಕ್ಕ," ಅಂದ ಫಟಾಫಟ್, ಅವಳ ಕಡೆ ನೋಡದೆ. "ಒಂದು ಚೂರು ಆ ಕಡೆ, ಒಂದು ಚೂರು ಈ ಕಡೆ. ನಕ್ಕ ಹಾಗೇ ಇರುತ್ತೆ. ಯಾರಿಗೂ ಗೊತ್ತಾಗಲ್ಲ."

"ಒಂದು ಚೂರೂ ಎಸೀಬಾರದು ಅಂತ ನಿನ್ನ ಕಪಾಳಕ್ಕೆ ಹೊಡೆದವರಲ್ವಾ?" ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ಹಾಗೇ ಪ್ರಿಂಟ್ ಹಾಕಿಸಿಕೊಂಡು ಬಾ. ದೊಡ್ಡದು."

•

ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವ ಮೊದಲೇ ಫೋಟೋ ಬಂತು. ಹೆಣದ ತಲೆಯ ಹತ್ತಿರ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹೂವಿನ ಹಾರ ಹಾಕಿದರು. ಬಂದವರು ಸಾಲಾಗಿ ಒಳಗೆ ಹೋಗತೊಡಗಿದರು.

ಮೊದಲು ಹೋದವನು ಸ್ಟುಡಿಯೋದ ಪಕ್ಕದಂಗಡಿಯ ಟೈಲರ್. ಕೈಮುಗಿಯಲು ಹೋದವನು ಫೋಟೋ ಕಂಡು ನಿಂತ. ಅವನ ಕೈ ತಾನಾಗಿಯೇ ಅಂಗಿಯ ಮೇಲಿನ ಗುಂಡಿ ಹಾಕಿತು. ಹಿಂದಿನ ಮುದುಕಿ ತಲೆಗೂದಲು ನೇವರಿಸಿಕೊಂಡಳು. ಬ್ಯಾಂಕಿನ ಗುಮಾಸ್ತ ಹೊಟ್ಟೆ ಒಳಗೆಳೆದ. ಒಬ್ಬರ ಹಿಂದೊಬ್ಬರು, ಆ ಸೊಟ್ಟ ತುಟಿಯ ಮುಂದೆ ಬಂದವರೆಲ್ಲ ಭುಜ ನೆಟ್ಟಗೆ ಮಾಡಿ ಗದ್ದ ಎತ್ತಿದರು.

"ಏನು ಫೋಟೋ ಮಾರಾಯ," ಪಿಸುಗುಟ್ಟಿದ ಟೈಲರ್. "ಎದ್ದು ಬೈದುಬಿಡ್ತಾನೇನೋ ಅನ್ಸುತ್ತೆ."

"ಅಕ್ಕಾವ್ರೇ ತೆಗೆದಿದ್ದಂತೆ," ಅಂದ ಗುಮಾಸ್ತ. "ಎಷ್ಟು ಚೆನ್ನಾಗಿ ಹಿಡಿದಿದಾರೆ ನೋಡಿ."

ವ್ಯಾನು ಬಂತು. ಹೊರುವವರು ಹೊರಗೆ ಚಪ್ಪಲಿ ಬಿಡುವಾಗ ನಾದಿನಿ ಅವಳ ತೋಳು ಹಿಡಿದು ಫೋಟೋದ ಮುಂದೆ ತಂದು ನಿಲ್ಲಿಸಿದಳು. ಅವಳ ಗದ್ದವೂ ತಾನಾಗಿಯೇ ಮೇಲೆದ್ದಿತು. ಅದು ಅಷ್ಟು ವರ್ಷದ ಅಭ್ಯಾಸ. ಅವಳು ಅದನ್ನು ಕೆಳಗಿಳಿಸಿದಳು, ಎದೆಗೆ ತಾಗುವವರೆಗೆ.

ತೆರೆದ ಬಾಗಿಲು ಅವಳ ಬೆನ್ನ ಹಿಂದಿತ್ತು. ಮಧ್ಯಾಹ್ನದ ಬಿಸಿಲು ಅಲ್ಲಿಂದ ಒಳಗೆ ನುಗ್ಗುತ್ತಿತ್ತು. ಫೋಟೋದ ಪಕ್ಕ ಗೋಡೆಗೆ ಒರಗಿ ನಿಂತವರಿಗೆ ಅವಳು ಬರೀ ಕಪ್ಪಾಗಿ ಕಂಡಳು. ಮುಖದಲ್ಲಿ ಏನಿತ್ತೆಂದು ಯಾರಿಗೂ ಕಾಣಲಿಲ್ಲ. ಮೂಗಿನಿಂದ "ಹ್ಹ" ಎಂದು ಸಣ್ಣ ಸದ್ದು ಬಂತು. ಭುಜ ಒಂದು ಸಲ ಕುಲುಕಿತು.

"ಅಳಲಿ ಬಿಡಿ," ಅಂದ ಟೈಲರ್.