ಅಣ್ಣ ಬಿಟ್ಟ ಮಾತ್ರೆ

ಸಿದ್ದೇಶನ ಎರಡನೆಯ ಏಟಿಗೆ ನಾಟಿ ವೈದ್ಯ ಚಿಕ್ಕಯ್ಯನ ಕನ್ನಡಕ ಹಾರಿ ಅಳಲೆಕಾಯಿಯ ಡಬ್ಬದೊಳಗೆ ಬಿತ್ತು. ಮುದುಕ ಗಲ್ಲಾಪೆಟ್ಟಿಗೆ ಹಿಡಿದುಕೊಂಡು ನಿಲ್ಲಲು ನೋಡಿದ. ಸಿದ್ದೇಶ ಕಾಲರ್ ಹಿಡಿದು ಅವನನ್ನು ಹಿಂದಿನ ಕಪಾಟಿಗೆ ಅದುಮಿದ. ಮೇಲಿನ ಸಾಲಿನ ಗಾಜಿನ ಭರಣಿಗಳು ಒಂದರ ಹಿಂದೊಂದು ಉರುಳಿ ಇಬ್ಬರ ಕಾಲಬುಡದಲ್ಲೂ ಒಡೆದವು.

“ಏನ್ ಕೊಟ್ಟೆ ನಮ್ಮಣ್ಣಂಗೆ? ಯೋಳು. ಏನ್ ಕೊಟ್ಟು ಸಾಯಿಸ್ದೆ?”

ರಾಮಕೃಷ್ಣನಗರದ ಆ ನಾಟಿ ಔಷಧಿ ಅಂಗಡಿಗೆ ಅವನು ಬಂದದ್ದು ಒಂದು ಪುಡಿಯ ಪೊಟ್ಟಣದ ಜಾಡು ಹಿಡಿದು. ಅಣ್ಣ ಕುಮಾರ್ ಸತ್ತು ಹತ್ತೊಂಬತ್ತು ದಿನವಾಗಿತ್ತು. ನಲವತ್ತೊಂದು ವಯಸ್ಸು. ಕುವೆಂಪುನಗರದ ಸಿಗ್ನಲ್‌ನಲ್ಲಿ ಸ್ಕೂಟರಿನ ಮೇಲೆ ಕೂತಿದ್ದವನು ಹಸಿರು ದೀಪ ಬಂದರೂ ಹೊರಡಲಿಲ್ಲ. ಹಿಂದಿನವರು ಹಾರನ್ ಮಾಡುತ್ತಲೇ ಇದ್ದರಂತೆ. ಇವತ್ತು ಬೆಳಿಗ್ಗೆ ಅತ್ತಿಗೆ ಸಿಂಚನ ಬೀರು ತೆಗೆದಾಗ ಗಂಡನ ಕೊಲೆಸ್ಟರಾಲ್ ಮಾತ್ರೆಗಳು ಐದು ತಿಂಗಳಷ್ಟು ಹಾಗೇ ಸಿಕ್ಕಿದ್ದವು. ತಿಂಗಳು ತಿಂಗಳೂ ತಪ್ಪದೆ ತಂದಿದ್ದ, ನುಂಗಿರಲಿಲ್ಲ. ಅದೇ ಹೊತ್ತಿಗೆ ಸಿದ್ದೇಶನಿಗೆ ಸ್ಕೂಟರಿನ ಡಿಕ್ಕಿಯಲ್ಲಿ ಪೊಟ್ಟಣ ಸಿಕ್ಕಿತು. ಮೇಲೆ ಚಿಕ್ಕಯ್ಯನ ಹೆಸರು, ಅಂಗಡಿಯ ವಿಳಾಸ. ಅಷ್ಟು ಸಾಕಾಗಿತ್ತು.

ಅಣ್ಣ ತಮ್ಮ ಇಬ್ಬರಿಗೂ ಇದ್ದದ್ದು ಒಂದೇ ಕಾಯಿಲೆ, ರಕ್ತದಲ್ಲಿ ವಿಪರೀತ ಕೊಲೆಸ್ಟರಾಲ್. ಅಪ್ಪ ಮೂವತ್ತೊಂಬತ್ತಕ್ಕೇ ಎದೆ ಹಿಡಿದುಕೊಂಡು ಹೋಗಿದ್ದ. ನಾಲ್ಕು ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು: ಇದು ತಿಂದು ಬಂದದ್ದಲ್ಲ, ತಂದೆಯಿಂದ ಬಂದದ್ದು. ಪಥ್ಯವೊಂದರಿಂದ ಇಳಿಯುವುದಿಲ್ಲ, ಬದುಕಿರುವ ತನಕ ಮಾತ್ರೆ ಬೇಕು. ನೋವಿಲ್ಲ ಅಂತ ಬಿಡಬೇಡಿ. ಕುಮಾರ್ ತಲೆಯಾಡಿಸಿ ಬಂದು ದಿನವೂ ನುಂಗಿದ. ಸಿದ್ದೇಶ ಎರಡು ವರ್ಷಕ್ಕೇ ಬಿಟ್ಟ.

“ಮಂಡಿ ನೋವು ಅಂದ, ಪುಡಿ ಕೊಟ್ಟೆ ಕಣಪ್ಪ,” ಎಂದ ಚಿಕ್ಕಯ್ಯ. ತುಟಿಯ ರಕ್ತ ಗದ್ದಕ್ಕಿಳಿದಿತ್ತು. “ಆಸ್ಪತ್ರೆ ಮಾತ್ರೆ ಬುಡ್ಬೇಡ ಅಂತ ನಾನೇ ಯೋಳ್ದೆ. ಕೇಳ್ನಿಲ್ಲ. ನನ್ ತಮ್ಮ ಬುಟ್ಟು ಎರಡ್ ವರ್ಷ ಆಯ್ತು, ಗೂಳಿ ಅಂಗವ್ನೆ, ನಂಗ್ಯಾಕೆ ಅಂದ. ತಮ್ಮನೇ ಬುಡು ಅಂದ್ನಂತೆ.” ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ನೋಡಿದ. “ಆ ತಮ್ಮ ನೀನೇಯಾ?”

ಐದಾರು ತಿಂಗಳ ಹಿಂದೆ, ಯುಗಾದಿಯ ಮಾರನೆಯ ದಿನ. ಹೊಸತೊಡಕಿನ ಬಾಡೂಟ ಮುಗಿಸಿ ಅಣ್ಣ ದಟ್ಟಗಳ್ಳಿಯಲ್ಲಿದ್ದ ಇವನ ಗ್ಯಾರೇಜಿಗೆ ಬಂದು ಕೂತಿದ್ದ. ಜೇಬಿನಿಂದ ಮಾತ್ರೆ ತೆಗೆದು ನೀರು ಕೇಳಿದ. “ಮುದುಕ್ರಂಗೆ ದಿನಾ ನುಂಗ್ತೀಯಲ್ಲಣ್ಣ, ಲಿವರ್ ಹೋಯ್ತದೆ ಕಣೋ. ಬುಟ್ಬುಡು. ನನ್ ನೋಡು,” ಎಂದು ಸಿದ್ದೇಶ ನಿಂತಿದ್ದ ಬೈಕಿನ ಹಿಂಬದಿಯನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ್ದ. ಕುಮಾರ್ ನಕ್ಕು, ಮಾತ್ರೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡಿದ್ದ.

ಸಿದ್ದೇಶ ಮುದುಕನ ಕಾಲರನ್ನು ಇನ್ನಷ್ಟು ಬಿಗಿಹಿಡಿದ. ಮತ್ತೆ ಹೊಡೆದ, ಈ ಸಲ ಮುಷ್ಟಿ ಕಟ್ಟಿ. ಗಾಜಿನ ಚೂರಿನ ಮೇಲೆ ಬಿದ್ದವನನ್ನೂ ಬಿಡಲಿಲ್ಲ. ಆ ಬಾಯಿ ಇನ್ನೊಂದು ಮಾತಾಡಬಾರದಾಗಿತ್ತು. ಅಕ್ಕಪಕ್ಕದ ಅಂಗಡಿಯವರು ನಾಲ್ವರು ಸೇರಿ ಎಳೆಯುವ ಹೊತ್ತಿಗೆ ಚಿಕ್ಕಯ್ಯನ ಎಡಗೈ ಮುರಿದು ನೇತಾಡುತ್ತಿತ್ತು.

ಚಿಕ್ಕಯ್ಯನ ಮಗ ಠಾಣೆಯಲ್ಲಿ ದೂರು ಬರೆದುಕೊಟ್ಟ. ಕೇಸು ದಾಖಲಾಯಿತು. ಕರೆದಾಗಲೆಲ್ಲ ಬರಬೇಕೆಂದು ಸಹಿ ಹಾಕಿಸಿಕೊಂಡು ಮಧ್ಯಾಹ್ನದ ಮೇಲೆ ಸಿದ್ದೇಶನನ್ನು ಬಿಟ್ಟರು. ಸಿಂಚನ ಆವರಣದಲ್ಲಿ ಕಾಯುತ್ತಿದ್ದಳು.

“ಮಾತ್ರೆ ಬಿಡ್ಸಿದ್ದು ಅವ್ರೇನಾ?”

ಹೌದು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

“ಅಲ್ಲ ಅತ್ತಿಗೆ. ನಾನು.”

ಬೈಕು ಎತ್ತಿ ತೋರಿಸಿದ್ದನ್ನೂ ಬಿಡದೆ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಬಗ್ಗಿ ಕಾಲಿನ ಚಪ್ಪಲಿ ಕೈಗೆತ್ತಿಕೊಂಡಳು. ಮೊದಲ ಏಟಿಗೇ ಅವನ ತುಟಿ ಒಡೆಯಿತು. ಮೆಟ್ಟಿಲ ಮೇಲಿದ್ದ ಪೇದೆ ಎದ್ದು ನಿಂತವನು, ಏನೆನ್ನಿಸಿತೋ, ಮತ್ತೆ ಕೂತ. ಕೆನ್ನೆ, ಕಿವಿ, ಕತ್ತು ನೋಡದೆ ಉಸಿರು ಸೋಲುವ ತನಕ ಹೊಡೆದಳು. ಸಿದ್ದೇಶ ಕೈ ಅಡ್ಡ ತರಲಿಲ್ಲ.

“ನಿನ್ನೆ ನಮ್ಮ ಶಿವಾನಿ ರಕ್ತದ ರಿಪೋರ್ಟ್ ಬಂತು,” ಎಂದಳು ಏದುತ್ತ. “ಅವಳಿಗೂ ಇದೆ. ಹನ್ನೊಂದು ವರ್ಷದ ಕೂಸು. ಮಾತ್ರೆ ಮುಟ್ಟಲ್ಲ ಅಂತಾಳೆ. ‘ಅಪ್ಪ ನುಂಗ್ತಿದ್ರಲ್ಲ, ಆದ್ರೂ ಸತ್ತೋದ್ರಲ್ಲ’ ಅಂತಾಳೆ. ನೀನು ಡಾಕ್ಟರಮ್ಮನ ಹತ್ರ ಹೋಗಿ ಹೊಸದಾಗಿ ಬರೆಸ್ಕೊಂಡು ಮನೆಗೆ ಬಾ. ನಂಗೆ ಹೇಳಿದ್ದನ್ನ ಅವಳಿಗೂ ಹೇಳು. ಆಮೇಲೆ ಅವಳ ಕಣ್ಣೆದುರಿಗೆ ನುಂಗು. ದಿನಾ ಬರ್ಬೇಕು.”

“ಎಷ್ಟು ದಿನ ಅತ್ತಿಗೆ?”

“ನೀನು ಸಾಯೋ ತನಕ.”

ಮಾರನೆಯ ಸಂಜೆ ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆಯೊಂದಿಗೆ ಅವನು ಹೋದಾಗ ಶಿವಾನಿ ಊಟದ ಮೇಜಿನ ಬಳಿ ಕೂತಿದ್ದಳು. ಅವಳಪ್ಪ ಮಾತ್ರೆ ಬಿಟ್ಟದ್ದು ಯಾಕೆಂದು ಸಿದ್ದೇಶ ಹೇಳಿದ. ಮುದುಕನಿಗೆ ಹೊಡೆದದ್ದನ್ನೂ ಹೇಳಿದ. ಹುಡುಗಿ ಅವನ ಒಡೆದ ತುಟಿಯನ್ನೇ ನೋಡುತ್ತಿದ್ದಳು.

“ಆ ತಾತಂಗೆ ತುಂಬಾ ನೋವಾಯ್ತಾ ಚಿಕ್ಕಪ್ಪ?”

“ಹೂಂ. ಕೈ ಮುರ್ದೋಗದೆ.”

ಅವಳು ನೀರಿನ ಲೋಟವನ್ನು ಅವನತ್ತ ಸರಿಸಿದಳು. “ನೀವು ಮೊದ್ಲು ನುಂಗಿ.”

ನುಂಗಿದ. ನೀರಿನ ಜೊತೆಗೆ ರಕ್ತದ ಉಪ್ಪೂ ಇಳಿಯಿತು.

“ಬಾಯಿ ತೆಗೀರಿ. ನಾಲಿಗೆ ಎತ್ತಿ.”

ಅಮ್ಮನ ಫೋನಿನ ಟಾರ್ಚ್ ಹಾಕಿ ಬಗ್ಗಿ ನೋಡಿದಳು. ಎರಡೂ ದವಡೆಯ ಸಂದಿಗೆ ಬೆಳಕು ಬಿಟ್ಟು ಬಹಳ ಹೊತ್ತು ಹುಡುಕಿದಳು. ಆಮೇಲೆ ಟಾರ್ಚ್ ಆರಿಸಿ, ತನ್ನ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಒಂದು ಕೈಯಲ್ಲಿ ಲೋಟ. ಇನ್ನೊಂದು ಕೈ ಮೇಜಿನ ಮೇಲೆ ತಡಕಾಡಿ ಅವನ ಬಲಗೈಯನ್ನು, ಬಾತು ನೀಲಿಗಟ್ಟಿದ ಬೆರಳ ಗೆಣ್ಣುಗಳನ್ನು, ಬಿಗಿಯಾಗಿ ಹಿಡಿದುಕೊಂಡಿತು. ನೋವು ಮೊಣಕೈವರೆಗೆ ಏರಿತು. ಅವಳ ಪುಟ್ಟ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯುವ ತನಕ ಸಿದ್ದೇಶ ಕೈ ಅಲುಗಿಸಲಿಲ್ಲ.