ಫೋಟೋದಲ್ಲಿದ್ದ ಮುರಿಲೊ

ಜೊಸಿಮಾರ್ ಆಗಾಗ ಬ್ರೆಜಿಲಿನ ಸಣ್ಣ ಊರು ಪೆಸ್ಕೇರಾದಿಂದ ಬಸ್ಸು ಹಿಡಿದು ರೆಸಿಫೆ ನಗರಕ್ಕೆ ಬರುತ್ತಿದ್ದ. ತಂಗಿ ಇವೊನೆಟೆ ಮತ್ತು ಅವಳ ಜೊತೆಗಾತಿಯರು ಹೆಣೆದ ಲೇಸಿನ ಮೇಜುಬಟ್ಟೆಗಳನ್ನು ಅಂಗಡಿಗಳಿಗೆ ಕೊಟ್ಟು, ಬೋವಾ ವಿಸ್ತಾ ಬಡಾವಣೆಯಲ್ಲಿರುವ ಉಬಿರಾಸಿ ಮೇಷ್ಟ್ರ ಮನೆಯ ಹಿಂದಿನ ಕೋಣೆಯಲ್ಲಿ ಉಳಿಯುತ್ತಿದ್ದ. ಕತ್ತಲಾಗುತ್ತಲೇ ಬಾಗಿಲು ಹಾಕಿಕೊಳ್ಳುವ ಆಸಾಮಿ. ಆದರೆ ನಿದ್ದೆ ಮಾತ್ರ ಬರುತ್ತಿರಲಿಲ್ಲ. ಪಕ್ಕದ ಬೀದಿಯಿಂದ ಹಾಡು ಕೇಳಿಸುತ್ತಿತ್ತು, ಗಂಡಸರ ನಗು ಕೇಳಿಸುತ್ತಿತ್ತು. ಅಲ್ಲಿ ಏನು ನಡೆಯುತ್ತದೆ, ಎಂಥವರು ಬರುತ್ತಾರೆ ಎಂದು ಕಿವಿಯೆಲ್ಲ ಅತ್ತಲೇ.

ತನ್ನ ಮನಸ್ಸು ಒಲಿಯುವುದು ಗಂಡಸರಿಗೆ ಎಂದು ಅವನಿಗೆ ಮೀಸೆ ಮೂಡುವ ವಯಸ್ಸಿಗೇ ಗೊತ್ತಾಗಿತ್ತು. ಈಗ ತಲೆಯಲ್ಲಿ ಬಿಳಿಕೂದಲು. ಊರಲ್ಲಿ ಒಬ್ಬರಿಗೂ ಬಾಯಿ ಬಿಟ್ಟಿರಲಿಲ್ಲ. ಮೇಷ್ಟ್ರು ಹಾಗಲ್ಲ. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ತಮ್ಮ ಸಂಗಾತಿಯ ಜೊತೆ ಅದೇ ಬೀದಿಯಲ್ಲಿ ಬಾಳಿ, ಆತ ತೀರಿಕೊಂಡಾಗ ಬೀದಿಯವರ ಮುಂದೆಯೇ ಅತ್ತವರು.

ಈ ಸಲ ಬಂದ ಮಾರನೆಯ ಮಧ್ಯಾಹ್ನ ಜೊಸಿಮಾರ್ ಅಂಗಿಗೆ ಇಸ್ತ್ರಿ ಹಾಕುತ್ತಾ ನಿಂತಿದ್ದ. ಮೇಷ್ಟ್ರು ಬಾಗಿಲಿಗೆ ಒರಗಿದರು.

"ಏನಯ್ಯಾ, ಲೇಸು ಮಾರೋಕೆ ಇಷ್ಟೊಂದು ಇಸ್ತ್ರಿನಾ? ಮದುವೆ ಗಂಡಿನ ಥರ ಕಾಣ್ತಿದೀಯ."

"ಒಬ್ಬ ಸ್ನೇಹಿತನ್ನ ನೋಡೋಕೆ ಹೋಗ್ತಿದೀನಿ ಮೇಷ್ಟ್ರೇ."

"ಸ್ನೇಹಿತನ ಹೆಸರು ಹೇಳೋಕೆ ಕಿವಿ ಯಾಕೆ ಕೆಂಪಗಾಗ್ತಿದೆ?"

ಜೊಸಿಮಾರ್ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಹೇಳಿಬಿಟ್ಟ. ಹೆಸರು ಮುರಿಲೊ. ಗಂಡಸರು ಗಂಡಸರನ್ನು ಹುಡುಕಿಕೊಳ್ಳುವ ಆ್ಯಪಿನಲ್ಲಿ ಸಿಕ್ಕಿದವನು. ತಿಂಗಳಿಂದ ದಿನಾ ಸಂದೇಶ ಕಳಿಸುತ್ತಾನೆ. ಬಲು ನಯವಾದ ಮಾತು.

"ದನಿ ಕೇಳಿದೀಯಾ?"

"ಇಲ್ಲ."

"ವಿಡಿಯೊ ಕಾಲ್ ಮಾಡಿ ಮುಖ ನೋಡಿದೀಯಾ?"

"ಅವನ ಫೋನಿನ ಕ್ಯಾಮೆರಾ ಕೆಟ್ಟಿದೆಯಂತೆ."

"ಪಾಪ, ತಿಂಗಳಿಂದ ಕೆಟ್ಟೇ ಇದೆ! ಎಲ್ಲಿ ಸಿಗ್ತಾನಂತೆ?"

"ಹಳೇ ಗೋದಾಮುಗಳ ಹಿಂದೆ ಅವನ ರೂಮಿದೆ. ಒಬ್ಬನೇ ಬಾ, ಯಾರಿಗೂ ಹೇಳ್ಬೇಡ ಅಂದ."

ಮೇಷ್ಟ್ರ ಮುಖದಲ್ಲಿದ್ದ ನಗು ಹೋಯಿತು. ಅದನ್ನು ಕಂಡು ಜೊಸಿಮಾರ್‌ಗೆ ರೇಗಿತು.

"ಅವನೂ ನನ್ನ ಹಾಗೆ ಹೆದ್ರಿಕೊಂಡು ಬದುಕೋನು ಮೇಷ್ಟ್ರೇ. ಜೀವಮಾನ ಪೂರ್ತಿ ಬಚ್ಚಿಟ್ಕೊಂಡಿರೋ ನಾನು, ಇನ್ನೊಬ್ಬ ಬಚ್ಚಿಟ್ಕೊಂಡ್ರೆ ಅನುಮಾನ ಪಡ್ಲಾ?"

"ಬಚ್ಚಿಟ್ಕೊಳ್ಳೋದು ತಪ್ಪಲ್ಲ ಕಣಯ್ಯ, ನಾನೂ ಅದನ್ನೆಲ್ಲ ಮಾಡಿದೋನೇ. ಆದ್ರೆ ಅವನು ಬಚ್ಚಿಡ್ತಿರೋದು ತನ್ನನ್ನಲ್ಲ, ನಿನ್ನನ್ನ. ಒಂದು ಕೆಲಸ ಮಾಡು. ಜನ ಓಡಾಡೋ ಕಡೆ ಮೊದಲು ಒಂದು ಕಾಫಿ ಕುಡಿಯೋಣ ಅಂತ ಕೇಳಿ ನೋಡು. ಒಳ್ಳೆಯವನಾದ್ರೆ ಅವನಿಗೂ ಸಮಾಧಾನವೇ. ನೀನು ಯಾರು ಅಂತ ಅವನಿಗೇನು ಗೊತ್ತು?"

ಈ ಕೊನೆಯ ಮಾತು ಜೊಸಿಮಾರ್‌ಗೆ ಹೊಸದು. ತನ್ನನ್ನು ಕಂಡು ಇನ್ನೊಬ್ಬ ಹೆದರಬಹುದು ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ. ಕೇಳಿ ನೋಡೋಣ ಎನ್ನಿಸಿತು. ಚೌಕದ ಬಳಿಯ ಕಾಫಿ ಅಂಗಡಿಯ ಹೆಸರು ಬರೆದು ಕಳಿಸಿದ.

ಉತ್ತರ ತಕ್ಷಣ ಬಂತು. 'ನನ್ನ ಮೇಲೆ ನಂಬಿಕೆ ಇಲ್ಲವಾ? ಬರುವುದಾದರೆ ಇಲ್ಲಿಗೇ ಬಾ.' ಅದರ ಹಿಂದೆಯೇ ಇನ್ನೊಂದು. 'ಒಬ್ಬನೇ ತಾನೆ ಬರುವುದು? ಎಲ್ಲಿ ಉಳಿದಿದ್ದೀಯ?'

"ಈ ಮಾತುಗಳನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಕೊ. ಆಮೇಲೆ ಉತ್ತರ ಕೊಡು," ಎಂದರು ಮೇಷ್ಟ್ರು.

ಜೊಸಿಮಾರ್ ಹಾಗೇ ಮಾಡಿ, ಅಲ್ಲಿಗೆ ಬರಲು ಆಗುವುದಿಲ್ಲ ಎಂದು ಬರೆದ. ಅಷ್ಟೇ, ಮುರಿಲೊ ಮಾಯ. ಹೆಸರು, ಫೋಟೋ, ತಿಂಗಳ ಮಾತುಕತೆ ಎಲ್ಲ ಅಳಿಸಿಹೋಯಿತು.

"ಸಮಾಧಾನ ಆಯ್ತಾ? ನನಗೆ ಅಂತ ಇದ್ದವನು ಅವನೊಬ್ಬ. ನಿಮ್ಮ ಮಾತು ಕೇಳಿ ಅವನೂ ಹೋದ."

ಮೇಷ್ಟ್ರು ವಾದಕ್ಕಿಳಿಯಲಿಲ್ಲ. "ಇಸ್ತ್ರಿ ಹಾಕಿದ ಅಂಗಿ ಸುಮ್ಮನೆ ದಂಡ ಆಗ್ಬಾರ್ದು. ಹಾಕ್ಕೊ. ದಿನಾ ಕಿಟಕೀಲಿ ಕಿವಿ ಇಟ್ಕೊಂಡು ಕೇಳ್ತೀಯಲ್ಲ, ಆ ಜಾಗಕ್ಕೇ ಹೋಗೋಣ."

ಹೊರಡುವ ಮೊದಲು ಜೊಸಿಮಾರ್‌ನ ಜೇಬುಗಳನ್ನೆಲ್ಲ ಬರಿದು ಮಾಡಿಸಿದರು. ಬ್ಯಾಂಕಿನ ಕಾರ್ಡುಗಳು ಮನೆಯಲ್ಲೇ ಉಳಿದವು. ಗುರುತಿನ ಚೀಟಿಯ ನಕಲು, ಸ್ವಲ್ಪ ಹಣ ಸಾಕಾಯಿತು. "ಫೋನು ಒಳಜೇಬಿಗೆ. ಬೀದೀಲಿ ನಿಂತ್ಕೊಂಡು ಅದನ್ನ ದೀಪದ ಥರ ಹಿಡೀಬೇಡ."

ಆ ಬಾರಿನ ಹೆಸರು ಕಾಜು. ಸಂಜೆ ಬೆಳಕು ಇನ್ನೂ ಆರಿರಲಿಲ್ಲ. ಒಳಗೆ ಕಾಲಿಟ್ಟ ಜೊಸಿಮಾರ್ ಬಾಗಿಲಲ್ಲೇ ನಿಂತುಬಿಟ್ಟ. ನರೆತ ಇಬ್ಬರು ಗಂಡಸರು ಒಂದೇ ತಟ್ಟೆಯಿಂದ ಸುಟ್ಟ ಚೀಸ್ ತಿನ್ನುತ್ತಾ, ಗಂಡ ಹೆಂಡಿರ ಹಾಗೆ ಜಗಳವಾಡುತ್ತಿದ್ದರು. ಇಬ್ಬರು ಹೆಂಗಸರು ಡಾಮಿನೊ ಆಡುತ್ತಿದ್ದರು. ಯಾರೂ ಯಾರನ್ನೂ ತಿರುಗಿ ನೋಡುತ್ತಿರಲಿಲ್ಲ. ಅವನಿಗೆ ಎಲ್ಲಕ್ಕಿಂತ ಆಶ್ಚರ್ಯವಾದದ್ದು ಅದೇ.

"ಇಷ್ಟೇನಾ ಮೇಷ್ಟ್ರೇ?"

"ಇಷ್ಟೇ. ನೀನೇನು ಬೆಂಕಿ ಉಗುಳ್ತಾರೆ ಅಂದ್ಕೊಂಡಿದ್ಯಾ?"

ಪಕ್ಕದಲ್ಲಿದ್ದ ಅಪರಿಚಿತನೊಬ್ಬ ನಗುತ್ತಾ ತನ್ನ ಗ್ಲಾಸನ್ನು ಜೊಸಿಮಾರ್‌ನತ್ತ ಚಾಚಿದ. ಒಂದು ಗುಟುಕು ಕುಡಿದು ನೋಡು ಎಂದ. ಬೇಡವೆಂದರೆ ಬೇಜಾರು ಮಾಡಿಕೊಳ್ಳುತ್ತಾನೇನೋ ಎಂದು ಜೊಸಿಮಾರ್ ಕೈ ಚಾಚುವುದರೊಳಗೆ ಮೇಷ್ಟ್ರು, "ಇವನಿಗೆ ಬಾಟಲಿ ಬಿಯರೇ ಆಗಬೇಕಪ್ಪ," ಎಂದು ಕೌಂಟರಿಗೆ ಎಳೆದೊಯ್ದರು. ಕಣ್ಣೆದುರೇ ಮುಚ್ಚಳ ತೆಗೆಸಿ ಕೈಗೆ ಕೊಟ್ಟರು. "ಅವನು ಒಳ್ಳೆಯವನೇ ಇರಬಹುದು. ಆದ್ರೆ ಗ್ಲಾಸಲ್ಲಿ ಮತ್ತಿನ ಪುಡಿ ಹಾಕಿದ್ರೆ ಬಣ್ಣ, ರುಚಿ ಏನೂ ಗೊತ್ತಾಗಲ್ಲ. ಬಚ್ಚಲಿಗೆ ಹೋದಾಗ ಬಿಟ್ಟು ಹೋದ ಬಾಟಲಿಯನ್ನ ಮತ್ತೆ ಮುಟ್ಬೇಡ."

ಅಷ್ಟರಲ್ಲಿ ಅಕಾರ್ಡಿಯನ್ ವಾದ್ಯ ಹೊತ್ತವನೊಬ್ಬ ಮೂಲೆಯ ವೇದಿಕೆ ಹತ್ತಿದ. ಜೊಸಿಮಾರ್ ಎದ್ದು ನಿಂತ.

"ಮುರಿಲೊ!"

"ಯಾವ ಮುರಿಲೊ? ಅವನು ಅಡೆಲ್ಮೊ. ರೆಸಿಫೆಯಲ್ಲಿ ಕುಣಿಯೋರಿಗೆಲ್ಲ ಗೊತ್ತು ಅವನು."

ಜೊಸಿಮಾರ್ ಫೋನು ತೆಗೆದು ಸ್ಕ್ರೀನ್‌ಶಾಟ್ ತೋರಿಸಿದ. ಸಂದೇಶಗಳ ತಲೆಯಲ್ಲಿದ್ದ ಪುಟ್ಟ ಫೋಟೋ. ಅದೇ ಮೀಸೆ, ಅದೇ ಗಲ್ಲ.

"ಅಯ್ಯೋ ದಡ್ಡ! ಇದನ್ನ ಮಧ್ಯಾಹ್ನವೇ ತೋರಿಸೋಕೇನಾಗಿತ್ತು?"

"ನಾಚಿಕೆ ಆಯ್ತು ಮೇಷ್ಟ್ರೇ."

ಹಾಡು ಮುಗಿದ ಮೇಲೆ ಅಡೆಲ್ಮೊನನ್ನು ಕರೆದರು. ಅವನು ಫೋನು ನೋಡಿ ಕುರ್ಚಿಗೆ ಕುಸಿದ. "ಮತ್ತೆ ಶುರುವಾಯ್ತಾ? ನನ್ನ ಮುಖ ಕದ್ದು ಯಾರೋ ಗಾಳ ಹಾಕ್ತಿದಾರೆ ಅಣ್ಣ. ಮಸೆಯೊ ಊರಿನ ಒಬ್ಬರು ಆ ಗೋದಾಮಿಗೆ ಹೋಗಿದ್ರು. ಕಾದಿದ್ದವರು ಮೂರು ಜನ. ಫೋನು ಕಿತ್ಕೊಂಡು, ಹೊಡೆದು ಬ್ಯಾಂಕಿನ ಗುಟ್ಟಿನ ನಂಬರು ಹೇಳಿಸಿದ್ರು. ದವಡೆ ಮುರಿದಿತ್ತು. ವಿಷಯ ಗೊತ್ತಾಗಿ ಆಸ್ಪತ್ರೆಗೆ ನೋಡೋಕೆ ಹೋದೆ. ನನ್ನ ಮುಖ ಕಂಡಿದ್ದೇ, ಅವರು ಹೆದರಿ ಹಾಸಿಗೆ ಮೇಲೇ ಹಿಂದಕ್ಕೆ ಸರಿದುಬಿಟ್ರು."

"ದೂರು ಕೊಟ್ರಾ?"

"ಎಲ್ಲಿಂದ! ಮನೇಲಿ ಗೊತ್ತಾಗುತ್ತೆ ಅಂತ ಸುಮ್ಮನಾದ್ರು. ಆ ಕಳ್ಳರು ನಂಬ್ಕೊಂಡಿರೋದೂ ಅದನ್ನೇ."

ಜೊಸಿಮಾರ್ ಬಾಟಲಿ ಕೆಳಗಿಟ್ಟ. ತಾನು ಮೇಷ್ಟ್ರಿಗೂ ಹೇಳದೆ ಹೋಗಿ ಆ ಗೋದಾಮಿನ ಹಿಂದೆ ಬಿದ್ದಿದ್ದರೆ? ದಿನಾ ಸಂಜೆ ಫೋನು ಮಾಡುವ ಇವೊನೆಟೆಗೆ, ಊಟ ಆಯಿತು, ಮಲಗಿದೆ ಎಂದು ಸುಳ್ಳು ಹೇಳುವುದು ಅವನ ರೂಢಿ. ಅವಳು ಅದನ್ನೇ ನಂಬಿಕೊಂಡು ಮಲಗಿರುತ್ತಿದ್ದಳು. ಎಲ್ಲಿ ಹುಡುಕಬೇಕೆಂದು ಭೂಮಿಯ ಮೇಲೆ ಒಬ್ಬರಿಗೂ ತಿಳಿದಿರುತ್ತಿರಲಿಲ್ಲ.

ಹಿಂತಿರುಗುವಾಗ ಬಾರಿನ ಒಳಗಿನಿಂದಲೇ ಕಾರು ಕರೆಸಿದರು. ಗಾಡಿಯ ನಂಬರು ತಾಳೆ ನೋಡಿ ಹತ್ತಿದರು.

ಬೆಳಿಗ್ಗೆ ಅಡೆಲ್ಮೊನನ್ನೂ ಕರೆದುಕೊಂಡು ದೂರು ಕೊಡಲು ಹೋದಾಗ, ಪೊಲೀಸ್ ಠಾಣೆಯ ಮೆಟ್ಟಿಲ ಬಳಿ ಜೊಸಿಮಾರ್ ಹಿಂದೇಟು ಹಾಕಿದ. "ನಗ್ತಾರೆ ಮೇಷ್ಟ್ರೇ."

"ನಗಲಿ, ನಾವು ಮೂರು ಜನ ಇದೀವಿ. ನಮ್ಮಂಥೋರು ಅನ್ನೋ ಕಾರಣಕ್ಕೆ ಹೀಯಾಳಿಸಿದ್ರೆ ಈ ದೇಶದಲ್ಲಿ ಅದೂ ಅಪರಾಧವೇ."

ಒಳಗೆ ಒಬ್ಬ ಪೇದೆ ನಕ್ಕಿದ್ದೂ ಹೌದು. ಆದರೆ ಮೇಜಿನ ಹಿಂದಿದ್ದ ಅಧಿಕಾರಿಣಿ ಅವನನ್ನು ಹೊರಗೆ ಕಳಿಸಿ, ಪ್ರತಿಯೊಂದು ಸ್ಕ್ರೀನ್‌ಶಾಟನ್ನೂ ಕೂಲಂಕಷವಾಗಿ ನೋಡಿದಳು. ಅಡೆಲ್ಮೊ ಅಲ್ಲಿಂದಲೇ ಮಸೆಯೊದವನಿಗೆ ಫೋನು ಹಚ್ಚಿದ. ಆತ ಕೊನೆಗೆ ತಾನೂ ಹೇಳಿಕೆ ಕೊಡುತ್ತೇನೆಂದ. ಕೆಲವು ವಾರಗಳಲ್ಲಿ ಇಬ್ಬರು ಸಿಕ್ಕಿಬಿದ್ದರು. ಮೂರನೆಯವನು ಇನ್ನೂ ಸಿಕ್ಕಿಲ್ಲ.

ದೂರು ಕೊಟ್ಟ ದಿನ ಸಂಜೆ ಇವೊನೆಟೆಯ ಫೋನು ಬಂತು.

"ಊಟ ಆಯ್ತಾ ಅಣ್ಣ? ಮಲಗಿದ್ಯಾ?"

"ಇಲ್ಲ ಕಣೆ. ಕಾಜು ಅಂತ ಒಂದು ಬಾರಿದೆ, ಅಲ್ಲಿಗೆ ಹೊರಟಿದೀನಿ. ಮೇಷ್ಟ್ರು ಜೊತೇಲಿದಾರೆ. ಅದು... ಗಂಡಸರನ್ನ ಇಷ್ಟಪಡೋ ಗಂಡಸರು ಸೇರೋ ಜಾಗ. ನನ್ನಂಥೋರು."

ಜೊಸಿಮಾರ್ ಕಣ್ಣು ಮುಚ್ಚಿಕೊಂಡ.

"ಅಣ್ಣ, ಅಲ್ಲಿ ಕುಣೀತಾರಾ?"

"ಕುಣೀತಾರೆ."

"ಗಂಡಸರೂ ಗಂಡಸರೂನಾ? ಹಂಗಾದ್ರೆ ಜೋಡೀಲಿ ಕೈ ಹಿಡಿದು ನಡೆಸೋರು ಯಾರು?"

ಅದು ಜೊಸಿಮಾರ್‌ಗೂ ಗೊತ್ತಿರಲಿಲ್ಲ. ಮೇಷ್ಟ್ರನ್ನು ಕೇಳಿದ. "ಒಂದು ಹಾಡು ಇವನು, ಇನ್ನೊಂದು ಹಾಡು ಅವನು," ಎಂದರು.

ಇವೊನೆಟೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ದನಿ ತಗ್ಗಿಸಿ, "ವಾಪಸ್ ಬಂದ ಮೇಲೆ ಒಂದು ಸಂದೇಶ ಹಾಕು. ನಾನು ಎದ್ದೇ ಇರ್ತೀನಿ," ಎಂದಳು.

ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಹೊಸ ಊರು ನೋಡುವ ಆಸೆ, ಮನಸ್ಸಿಗೆ ಹಿಡಿಸಿದವರನ್ನು ಕಾಣುವ ಆಸೆ ತಪ್ಪಲ್ಲ. ಹೋಗಿ, ಹಾಡು ಕೇಳಿ, ಕುಣಿಯಿರಿ. ಆದರೆ ಮುಖ ನೋಡದವರನ್ನು ಮೊದಲ ಸಲ ಜನರಿರುವ ಕಡೆಯೇ ಭೇಟಿಯಾಗಿ. ಅದಕ್ಕೆ ಒಪ್ಪದವರನ್ನು ಅಲ್ಲಿಗೇ ಬಿಟ್ಟುಬಿಡಿ. ನಿಮ್ಮ ಗ್ಲಾಸು ನಿಮ್ಮ ಕೈಯಲ್ಲೇ ಇರಲಿ. ಪೆಟ್ಟು ತಿಂದರೆ ನಾಚಿಕೆ ನಿಮ್ಮದಲ್ಲ, ಹೊಡೆದವರದು. ಬ್ರೆಜಿಲಿನಲ್ಲಿದ್ದರೆ ಪೊಲೀಸರಿಗೆ 190, ಆಂಬುಲೆನ್ಸಿಗೆ 192 ಒತ್ತಿ. ಮತ್ತೆ, ಹೊರಡುವ ಮೊದಲು ಒಬ್ಬರಿಗೆ, ಒಬ್ಬರೇ ಒಬ್ಬರಿಗಾದರೂ, ಎಲ್ಲಿಗೆ ಹೋಗುತ್ತೀರೆಂದು ನಿಜ ಹೇಳಿ. ಅಂಥವರು ಯಾರೂ ಇಲ್ಲ ಎನ್ನಿಸಿದರೆ, ಇನ್ನೊಂದು ಸಲ ಯೋಚಿಸಿ. ಜೊಸಿಮಾರ್ ಕೂಡ ಹಾಗೇ ಅಂದುಕೊಂಡಿದ್ದ.